ಉಳಿದವರು ಸುಮ್ಮನಿರಿ

ಒಂದು ಊರಿತ್ತು. ಆ ಊರಿನವರ ಕೈಗಳು ತಾವಾಗಿಯೇ ಕೆಲಸಕ್ಕೆ ಏಳುತ್ತಿರಲಿಲ್ಲ.

ಬೆಳಗಾದರೆ ಕಣ್ಣು ತೆರೆಯುತ್ತಿತ್ತು, ಕಾಲು ನಡೆಯುತ್ತಿತ್ತು, ಬಾಯಿ ಮಾತಾಡುತ್ತಿತ್ತು. ಕೈ ಮಾತ್ರ ಒದ್ದೆ ಬಟ್ಟೆಯ ಹಾಗೆ ಭುಜದಿಂದ ಜೋತುಬಿದ್ದಿರುತ್ತಿತ್ತು. ಒಂದು ಲೋಟ ನೀರೆತ್ತಿ ಕುಡಿಯುವಷ್ಟು, ಮಗುವಿನ ಮೂಗು ಒರೆಸುವಷ್ಟು ಬಲ ಅದಕ್ಕಿತ್ತು. ಅದಕ್ಕಿಂತ ಹೆಚ್ಚಿನದಕ್ಕೆ ಕರೆ ಬರಬೇಕಿತ್ತು.

ಊರ ನಡುವೆ ಹನ್ನೆರಡು ಮೆಟ್ಟಿಲಿನ ಕಲ್ಲುಕಟ್ಟೆ. ಹೊತ್ತು ಮೂಡುವಾಗ ಕೂಗಿನವಳು ಅದನ್ನು ಹತ್ತುತ್ತಿದ್ದಳು. ಜಾಗಟೆಯನ್ನು ಮೂರು ಸಲ ಬಾರಿಸುತ್ತಿದ್ದಳು. ಕೆರೆಯ ಕಡೆಗೆ ಮುಖ ಮಾಡಿ ಒಂದೇ ಒಂದು ಮಾತು ಕೂಗುತ್ತಿದ್ದಳು: "ಕಟ್ಟು."

ಕರೆ ಇದ್ದದ್ದು ಕೈಗಳಿಗೆ. ಆದ್ದರಿಂದ ಅದರಲ್ಲಿ ನೀವು ತಾವು ಎಂಬ ಮರ್ಯಾದೆ ಇರಲಿಲ್ಲ, ಯಾರೂ ಅದನ್ನು ಬಯಸುತ್ತಲೂ ಇರಲಿಲ್ಲ.

ಆ ಒಂದು ಮಾತು ಕಿವಿಗೆ ಬಿದ್ದದ್ದೇ ಮೇಸ್ತ್ರಿ ಗೋಡೆ ಕಟ್ಟುತ್ತಿದ್ದ. ಹೂವಾಡಗಿತ್ತಿ ಮಾಲೆ ಕಟ್ಟುತ್ತಿದ್ದಳು. ಮೂಳೆಯಜ್ಜ ಮುರಿದ ತೋಳಿಗೆ ಬಿದಿರ ಸೀಳಿಟ್ಟು ಪಟ್ಟಿ ಕಟ್ಟುತ್ತಿದ್ದ. ತೂಬಿನವನು ಗದ್ದೆಗೆ ಹರಿದು ಸಾಕಾದ ನೀರನ್ನು ಕಟ್ಟುತ್ತಿದ್ದ. ಹಾಡುಗಾರ ಪದ ಕಟ್ಟುತ್ತಿದ್ದ. ಊರ ಅಂಚಿನ ಚಟ್ಟದವನು, ಬೇಕಾದ ದಿನ, ಚಟ್ಟ ಕಟ್ಟುತ್ತಿದ್ದ. ಬೇಡವಾದ ದಿನ ಅವನ ಕೈ ಕರೆ ಕೇಳಿಯೂ ಮಡಿಲಲ್ಲಿ ಸುಮ್ಮನೆ ಕೂತಿರುತ್ತಿತ್ತು. ಹಾಗೆ ಕೂತಿರುವುದೂ ಅವನ ಕೈಗೆ ತಿಳಿದಿದ್ದ ಕೆಲಸವೇ.

ಹೊರಗಿನಿಂದ ಯಾರಾದರೂ ಬಂದು ಈ ಊರಲ್ಲಿ ಇರುತ್ತೇನೆಂದರೆ ಊರಬಾಗಿಲಿನವನು ಒಂದೇ ಪ್ರಶ್ನೆ ಕೇಳುತ್ತಿದ್ದ. "ಕಟ್ಟು ಅಂದ್ರೆ ನಿನ್ನ ಕೈ ಏಳುತ್ತಾ?" ಏಳುತ್ತದೆ ಎಂದವರು ಒಳಗೆ ಬರುತ್ತಿದ್ದರು. ಎದ್ದ ಕೈ ಏನು ಮಾಡುತ್ತದೆ ಎಂದು ಅವನು ಕೇಳುತ್ತಿರಲಿಲ್ಲ.

ಮೂವತ್ತು ವರ್ಷ ಕೂಗಿದ ಮುದುಕಿಗೆ ಮಂಡಿ ಹಿಡಿದು ಮೆಟ್ಟಿಲು ಹತ್ತಲಾಗದೆ ಹೋದಾಗ, ಅವಳು ತನ್ನ ಜಾಗಕ್ಕೆ ಓಲೆ ಬರೆಯುವವನ ಮಗಳನ್ನು ಆರಿಸಿದಳು. ಅವಳಿಗೆ ಮೂವತ್ತೈದರ ಪ್ರಾಯ. ಗಂಟಲು ಕಂಚಿನ ಹಾಗಿತ್ತು. ಓದು ಬರಹ ಬಲ್ಲವಳು. ಅಂದಿನಿಂದ ಅವಳು ಕೂಗಿನವಳು, ಮುದುಕಿ ಕೂಗಿನಜ್ಜಿ.

ಜಾಗಟೆ ಕೈಗೆ ಕೊಡುವಾಗ ಕೂಗಿನವಳು ಕೇಳಿದಳು, "ಅಜ್ಜಿ, ಯಾರು ಏನು ಕಟ್ತಾರೆ ಅಂತ ನನಗೆ ಹೇಳಿಕೊಡಲ್ವಾ?"

"ಅದು ನಂಗೂ ಗೊತ್ತಿಲ್ಲ ತಾಯಿ."

"ಮೂವತ್ತು ವರ್ಷ ಕೂಗಿದೀಯಲ್ಲ?"

"ಕೂಗಿದೀನಿ. ನನ್ನ ಮಾತು ಕೇಳೋರೆಲ್ಲ ಕಟ್ಟೋರು ಅನ್ನೋದಷ್ಟೇ ಗೊತ್ತಿತ್ತು. ಹೆಂಗೆ ಕಟ್ಟಬೇಕು ಅನ್ನೋದು ಅವರವರ ಕೈಗೆ ಗೊತ್ತು. ಅದನ್ನ ನಾನು ತಿಳ್ಕೊಂಡು ಏನು ಮಾಡ್ಲಿ?"

ಕೂಗಿನವಳಿಗೆ ಆ ಉತ್ತರ ಹಿಡಿಸಲಿಲ್ಲ. ಆದರೂ ಒಂದು ವರ್ಷ ಹಾಗೆಯೇ ಕೂಗಿದಳು. ಊರು ನೆಮ್ಮದಿಯಾಗಿತ್ತು.

ವರ್ಷ ತುಂಬುವ ಹೊತ್ತಿಗೆ ಬಳೆ ಮಾರುವವನೊಬ್ಬ ಊರಿಗೆ ಬಂದು ಛತ್ರದಲ್ಲಿ ಉಳಿದ. ಬೆಳಿಗ್ಗೆ ಕಟ್ಟೆಯ ಕೆಳಗೆ ನಿಂತು ಜಾಗಟೆ ಕೇಳಿದ, ಕರೆ ಕೇಳಿದ, ಇನ್ನೂ ಏನೋ ಇದೆಯೆಂದು ಕಾದ. ಕೂಗಿನವಳು ಮೆಟ್ಟಿಲಿಳಿದು ಬಂದಾಗ ನಗುತ್ತ ಕೇಳಿದ, "ಮುಗೀತಾ ಅಕ್ಕ?"

"ಮುಗೀತು."

"ಇಷ್ಟಕ್ಕೆ ಒಬ್ಬರು ಮನುಷ್ಯರು ಬೇಕಾ? ಒಂದು ಗಿಣಿ ಸಾಕಿದ್ರೆ ಆಗಿತ್ತು."

ಸುತ್ತ ನಿಂತಿದ್ದವರು ನಕ್ಕರು. ಕೆಟ್ಟ ನಗುವಲ್ಲ, ಹೂವಾಡಗಿತ್ತಿ ನಕ್ಕಳು, ತೂಬಿನವನು ನಕ್ಕ, ಮೂಳೆಯಜ್ಜ ಹಲ್ಲಿಲ್ಲದ ಬಾಯಿಗೆ ಟವಲು ಅಡ್ಡ ಹಿಡಿದು ನಕ್ಕ. ಕೂಗಿನವಳೂ ನಕ್ಕಳು. ಮನೆಗೆ ಹೋಗಿ ಬಾಗಿಲು ಹಾಕಿಕೊಂಡ ಮೇಲೆ ಅವಳ ಕಿವಿ ಬಿಸಿಯಾಯಿತು. ತಾನು ಕೂಗಿದ ಮಾತಿನಿಂದ ಊರಲ್ಲಿ ಏನೇನು ಆಗುತ್ತದೆಂದು ತನಗೇ ತಿಳಿಯದು. ಕೇಳಿದರೆ ಹೇಳಲು ಒಂದಕ್ಷರವಿಲ್ಲ. ಬಳೆಗಾರ ಮರುದಿನವೇ ಹೊರಟುಹೋದ. ಅವನ ಮಾತು ಅವಳೊಳಗೆ ಉಳಿದುಕೊಂಡಿತು.

ಆ ವಾರವೇ ಅವಳು ಅಪ್ಪನ ಓಲೆಗಳನ್ನೂ ಅವುಗಳ ಮೇಲೆ ಬರೆಯುವ ಕಂಟವನ್ನೂ ಹೊರತೆಗೆದಳು. ಮನೆ ಮನೆಗೆ ಹೋದಳು. ಹೊಸಿಲಲ್ಲಿ ನಿಂತು, "ನೀವು ಯಾರು? ಏನು ಕಟ್ತೀರಿ? ಹೇಗೆ ಕಟ್ತೀರಿ?" ಎಂದು ಕೇಳಿ ಬರೆದುಕೊಂಡಳು. ಮೇಸ್ತ್ರಿಯಾದರೆ, ಕಲ್ಲಿನ ಗೋಡೆ ಕಟ್ಟು. ಹೂವಾಡಗಿತ್ತಿಯಾದರೆ, ಮಲ್ಲಿಗೆ ಮಾಲೆ ಕಟ್ಟು. ತೂಬಿನವನಾದರೆ, ನೀರು ಕಟ್ಟು. ಒಬ್ಬೊಬ್ಬರಿಗೆ ಒಂದೊಂದು ಸಾಲು. ಪ್ರತಿ ಸಾಲಿನಲ್ಲೂ ಒಂದು 'ಆದರೆ'.

ಮರುದಿನ ಕಟ್ಟೆಯ ಮೇಲೆ ಅವಳು ಬರಿಯ ಮಾತನ್ನು ಕೂಗಲಿಲ್ಲ. ಓಲೆ ಹಿಡಿದು ಒಂದೊಂದೇ ಸಾಲು ಓದಿದಳು. ಅವರವರ ಸಾಲು ಬಂದಾಗ ಅವರವರ ಕೈ ಎದ್ದಿತು. ಜನ ಬಾಯ್ತೆರೆದು ನೋಡಿದರು. ನಮ್ಮ ಕೂಗಿನವಳಿಗೆ ಎಲ್ಲರ ಕೆಲಸವೂ ಗೊತ್ತು ಎಂದು ಹೆಮ್ಮೆಪಟ್ಟರು. ಕೂಗಿನಜ್ಜಿ ಮಾತ್ರ ತನ್ನ ಜಗಲಿಯಲ್ಲಿ ಕೂತು, "ಹೊತ್ತು ಎಷ್ಟಾಯ್ತು?" ಎಂದು ಕೇಳಿದಳು.

ಹೊತ್ತು ಹೆಚ್ಚೇನೂ ಆಗಿರಲಿಲ್ಲ. ಮೊದಲ ದಿನ ಮೂವತ್ತು ಸಾಲಿದ್ದವು. ತಿಂಗಳಲ್ಲಿ ಅರವತ್ತಾದವು. ಮುಂಗಾರಿನ ಹೊತ್ತಿಗೆ ನೂರ ಹನ್ನೆರಡು. ಯಾರೋ ಹೊಸ ಬಗೆಯ ಬುಟ್ಟಿ ಕಟ್ಟಿದರೆ ಸಾಲು ಸೇರಿಸಬೇಕಿತ್ತು. ಹೂವಾಡಗಿತ್ತಿಗೆ ಮಲ್ಲಿಗೆ ಮುಗಿದು ಕನಕಾಂಬರ ಬಂದರೆ ಸಾಲು ತಿದ್ದಬೇಕಿತ್ತು. ತಿದ್ದಲು ಮರೆತ ದಿನ ಅವಳ ಕೈ ಖಾಲಿ ಬುಟ್ಟಿಯಲ್ಲಿ ಮಲ್ಲಿಗೆ ಹುಡುಕುತ್ತ ಸಂಜೆಯವರೆಗೂ ಆಡಿತು. ಒಂದು ಸಾಲಿನವರ ಕೈ ಎದ್ದು ಕೆಲಸ ಹಿಡಿದ ಮೇಲೆಯೇ ಅವಳು ಮುಂದಿನ ಸಾಲು ಓದುತ್ತಿದ್ದುದರಿಂದ, ಬೆಳಗಿನ ಕರೆ ಮುಗಿಯುವಾಗ ಸೂರ್ಯ ನೆತ್ತಿಗೆ ಬಂದಿರುತ್ತಿದ್ದ. ಕೊನೆಯ ಸಾಲಿನವರು ಅರ್ಧ ದಿನ ಕೈ ಜೋತುಬಿಟ್ಟುಕೊಂಡು ಬಿಸಿಲಲ್ಲಿ ನಿಂತಿರುತ್ತಿದ್ದರು.

ಮೇಸ್ತ್ರಿಗೆ ಒಬ್ಬ ಮಗಳಿದ್ದಳು. ಅವಳೂ ಗೋಡೆ ಕಟ್ಟುವವಳೇ, ಆದರೆ ಅಪ್ಪನ ಹಾಗಲ್ಲ. ಬಿದಿರಿನ ತಟ್ಟಿ ಹೆಣೆದು ಮಣ್ಣು ಮೆತ್ತಿ ಕಟ್ಟುತ್ತಿದ್ದಳು. ಬರಿಯ ಮಾತಿನ ಕಾಲದಲ್ಲಿ ಅಪ್ಪನೂ ಮಗಳೂ ಒಂದೇ ಕರೆಗೆ ಎದ್ದು ತಮ್ಮ ತಮ್ಮ ಗೋಡೆಯ ಕಡೆ ಹೋಗುತ್ತಿದ್ದರು. ಓಲೆ ಬಂದ ಮೇಲೆ, ಮೇಸ್ತ್ರಿಯಾದರೆ ಕಲ್ಲಿನ ಗೋಡೆ ಕಟ್ಟು ಎಂದಾಗ, ಮಗಳ ಕೈಯೂ ಕಲ್ಲಿಗೆ ಹೋಯಿತು. ಆರು ದಿನ ಅವಳು ಎತ್ತಲಾರದ ಕಲ್ಲೆತ್ತಿದಳು. ಏಳನೆಯ ದಿನ ಉಗುರು ಕಿತ್ತ ಬೆರಳು ಹಿಡಿದುಕೊಂಡು ಕಟ್ಟೆಯ ಬಳಿ ಬಂದಳು.

"ಅಕ್ಕ, ನಾನು ಅಪ್ಪನ ಹಂಗಲ್ಲ."

"ಮೇಸ್ತ್ರಿ ತಾನೇ ನೀನು?"

"ಹೂಂ, ಮೇಸ್ತ್ರಿನೇ. ಆದ್ರೆ ಬೇರೆ ಥರ."

"ಸರಿ, ಇನ್ನೊಂದು ಸಾಲು ಬರೀತೀನಿ," ಎಂದಳು ಕೂಗಿನವಳು. ಆ ಬೆರಳಿನಿಂದ ಓಲೆಯ ಕಡೆಗೆ ಕಣ್ಣು ತಿರುಗಿಸಿಕೊಂಡಳು. ತಪ್ಪು ಓಲೆಯದ್ದಲ್ಲ, ಓಲೆ ಇನ್ನೂ ಪೂರ್ತಿಯಾಗದ್ದು ತಪ್ಪು ಎಂದುಕೊಂಡಳು.

ಓಲೆ ಪೂರ್ತಿಯಾಗಬೇಕಾದರೆ ಅದಕ್ಕೊಂದು ಕೊನೆ ಬೇಕು. ಯಾವ ಸಾಲಿಗೂ ಸೇರದವರು, ಇನ್ನೂ ಬರೆಯದವರು, ಏನು ಕಟ್ಟುತ್ತೇವೆಂದು ನೆಟ್ಟಗೆ ಹೇಳಲಾರದವರು ಊರಲ್ಲಿ ಕೆಲವರಿದ್ದರು. ಅವರ ಕೈಗಳು ಎಲ್ಲಿ ಏನು ಮಾಡುತ್ತವೋ ಎಂಬ ದಿಗಿಲು ಅವಳಿಗಿತ್ತು. ಒಂದು ಮಧ್ಯಾಹ್ನ ಕೂತು ಕೊನೆಯ ಓಲೆಯ ಕೊನೆಯ ಸಾಲು ಬರೆದಳು: ಉಳಿದವರು ಸುಮ್ಮನಿರಿ. ಮರುದಿನದಿಂದ ಕರೆ ಹಾಗೆ ಮುಗಿಯತೊಡಗಿತು. ಈ ಸಾಲಿನಲ್ಲಿ ಮಾತ್ರ ಅವಳು ಮರ್ಯಾದೆಯ ಮಾತು ಬಳಸಿದ್ದಳು.

ಮಳೆಗಾಲದ ನಡುವೆ ಹೆಂಗಸೊಬ್ಬಳು ಊರಿಗೆ ಬಂದಳು. ಊರಬಾಗಿಲಿನವನು ಕೇಳಬೇಕಾದದ್ದನ್ನು ಕೇಳಿದ, ಅವಳು ಏಳುತ್ತದೆ ಎಂದಳು, ಒಳಗೆ ಬಂದಳು. ಕೆರೆಯ ಏರಿಯ ಬುಡದಲ್ಲಿ ಒಂದು ಗುಡಿಸಲು ಹಿಡಿದಳು. ಸಪೂರ ಮೈ, ಮೊಣಕೈವರೆಗೂ ಜೇಡಿಮಣ್ಣಿನ ಬಣ್ಣ. ಅವಳನ್ನು ಎಲ್ಲರೂ ಹೊಸಬಳು ಎಂದೇ ಕರೆದರು. ಗುಡಿಸಲಿನ ಮುಂದೆ ಅವಳು ಜೊಂಡುಹುಲ್ಲಿನ ಹೊರೆಯೊಂದನ್ನು ತಂದಿಟ್ಟುಕೊಂಡಿದ್ದಳು.

ಕೂಗಿನವಳು ಕಂಟ ಹಿಡಿದು ಹೋದಳು. "ನೀನು ಯಾರು?"

"ಕಟ್ಟೋಳು."

"ಎಲ್ಲರೂ ಕಟ್ಟೋರೇ. ಏನು ಕಟ್ತೀಯ ಅಂತ ಕೇಳಿದ್ದು."

ಹೊಸಬಳು ಏರಿಯ ಕಡೆ ನೋಡಿದಳು. "ಅದಕ್ಕೊಂದು ಹೆಸರು ಅಂತಿಲ್ಲ ಅಕ್ಕ. ನೀರು ಎಲ್ಲಿ ಜಿನುಗುತ್ತೋ ಅಲ್ಲಿಗೆ ನನ್ನ ಕೈ ಹೋಗುತ್ತೆ. ಅಲ್ಲಿ ಏನು ಸಿಕ್ಕಿದ್ರೆ ಅದ್ರಿಂದ ಮಾಡುತ್ತೆ. ಒಂದ್ಸಲ ಹುಲ್ಲು, ಒಂದ್ಸಲ ಮಣ್ಣು. ಒಂದ್ಸಲ ಬರೀ ಹಿಮ್ಮಡಿ ಒತ್ತಿ ನಿಂತದ್ದೂ ಉಂಟು. ಕರೆ ಬಂದಾಗ ಕೈಗೇ ಗೊತ್ತಾಗುತ್ತೆ."

"ಹೀಗೆಲ್ಲ ಹೇಳಿದ್ರೆ ನಾನು ಏನಂತ ಬರೀಲಿ?"

"ಬರೀಬೇಡ. ಕೂಗು, ಅಷ್ಟು ಸಾಕು."

ಈ ಮಾತು ಕೂಗಿನವಳಿಗೆ ಚುಚ್ಚಿತು. ಓಲೆ ಮಡಿಸಿ, "ನಿನ್ನಂಥೋರಿಗೆ ಇದರಲ್ಲಿ ಜಾಗ ಇಲ್ಲಮ್ಮ. ಆಮೇಲೆ ನೋಡೋಣ," ಎಂದು ಎದ್ದು ಬಂದಳು. ಆಮೇಲೆ ನೋಡಲಿಲ್ಲ. ಹೊಸಬಳು ದಿನವೂ ಬೆಳಿಗ್ಗೆ ಏರಿಯ ಮೇಲೆ ನಿಂತು ಕರೆ ಕೇಳುತ್ತಿದ್ದಳು. ನೂರ ಹನ್ನೆರಡು ಸಾಲು ದಾಟುವವರೆಗೂ ನಿಂತು, ಕೊನೆಯ ಸಾಲು ಬಂದಾಗ ತಲೆ ತಗ್ಗಿಸಿ ಗುಡಿಸಲಿಗೆ ಹೋಗುತ್ತಿದ್ದಳು. ಕಟ್ಟೆಯ ಮೇಲಿಂದ ಅದು ಕಾಣುತ್ತಿತ್ತು. ಕೂಗಿನವಳು ಆ ಕಡೆ ನೋಡುವುದನ್ನು ಬಿಟ್ಟಳು.

ಆ ವರ್ಷ ಒಮ್ಮೆ ಮೂರು ದಿನ ಮಳೆ ಹಿಡಿಯಿತು. ನಾಲ್ಕನೆಯ ದಿನ ಬೆಳಿಗ್ಗೆ ಮಳೆ ಬಿಟ್ಟು ಹೊಳವಾಯಿತು. ಕೆರೆ ಕಂಠಮಟ್ಟ ತುಂಬಿ ಬಿಸಿಲಿಗೆ ಹೊಳೆಯುತ್ತಿತ್ತು. ಜನ ಸಂತೋಷದಿಂದ ಕಟ್ಟೆಯ ಸುತ್ತ ಸೇರಿದ್ದರು. ಕೂಗಿನವಳು ಜಾಗಟೆ ಬಾರಿಸಿ ಓಲೆ ಬಿಚ್ಚಿದಳು. ಐವತ್ತನೆಯ ಸಾಲಿನ ಹತ್ತಿರ ಬಂದಿರಬೇಕು, ಏರಿಯ ಕಡೆಯಿಂದ ಹೊಸಬಳು ಓಡಿಬರುವುದು ಕಂಡಿತು. ಕೈ ಬೀಸದೆ, ಎರಡೂ ತೋಳು ಜೋತುಬಿಟ್ಟುಕೊಂಡು ಓಡುತ್ತಿದ್ದಳು. ಜೊಂಡಿನ ಹೊರೆಯನ್ನು ಹೇಗೋ ಬೆನ್ನಿಗೇರಿಸಿಕೊಂಡಿದ್ದಳು. ಹನ್ನೆರಡು ಮೆಟ್ಟಿಲನ್ನೂ ಹತ್ತಿ ಬಂದಳು. ಆ ಮೆಟ್ಟಿಲನ್ನು ಬೇರೆ ಯಾರೂ ಹತ್ತುವ ಪದ್ಧತಿ ಇರಲಿಲ್ಲ.

"ಅಕ್ಕ, ಹುಣಸೆಮರದ ಹತ್ತಿರ ಏರಿ ಜಿನುಗ್ತಾ ಇದೆ. ನೀರು ಕೆಂಪಗೆ ಬರ್ತಿದೆ, ಒಳಗಿನ ಮಣ್ಣು ತಿಂತಾ ಇದೆ ಅಂತ ಅರ್ಥ. ಒಂದ್ಸಲ ಕೂಗು."

"ನೀನು ಯಾವ ಸಾಲು?"

"ನಂಗೆ ಸಾಲಿಲ್ಲ. ಓಲೆ ಬಿಡು, ಆ ಒಂದು ಮಾತು ಅಂದುಬಿಡು. ನನ್ನ ಕೈ ಓಡುತ್ತೆ."

ಕೆಳಗೆ ಊರೆಲ್ಲ ಮುಖವೆತ್ತಿ ನೋಡುತ್ತಿತ್ತು. ಕೂಗಿನವಳ ನಾಲಿಗೆಯ ತುದಿಗೆ ಆ ಮಾತು ಬಂದಿತ್ತು. ಅದನ್ನು ಅವಳು ಕೂಗಬಹುದಿತ್ತು. ಆದರೆ ಬರಿಯ ಮಾತೇ ಸಾಕೆಂದು ಇಷ್ಟು ಜನರ ಮುಂದೆ ತೋರಿಬಿಟ್ಟರೆ, ಇಷ್ಟು ತಿಂಗಳು ಓಲೆ ಹಿಡಿದು ಬಿಸಿಲಲ್ಲಿ ಎಲ್ಲರನ್ನೂ ನಿಲ್ಲಿಸಿದ್ದು ಯಾಕೆಂದಾಗುತ್ತದೆ? ಬಳೆಗಾರ ಬಂದ ದಿನ ಕಟ್ಟೆಯ ಕೆಳಗೆ ಕೇಳಿದ ನಗು ಅವಳ ಕಿವಿಯಲ್ಲಿ ಎದ್ದಿತು. ಅವಳು ಆ ಮಾತನ್ನು ನುಂಗಿಕೊಂಡಳು.

"ತಡಿ, ಒಂದು ಸಾಲು ಹಾಕ್ತೀನಿ," ಎಂದು ಕಂಟ ತೆಗೆದಳು. "ಏನು ಕಟ್ಟೋದು ಹೇಳು. ಬೇಗ."

"ಹೆಸರಿಲ್ಲ ಅಂದ್ನಲ್ಲ ಅಕ್ಕ. ಹೊತ್ತಿಲ್ಲ."

ಕೂಗಿನವಳು ಅವಳನ್ನು ಮೇಲಿಂದ ಕೆಳಗೆ ನೋಡಿದಳು. ಬೆನ್ನ ಮೇಲೆ ಜೊಂಡು ಕಂಡಿತು. ಜೊಂಡು ಇಟ್ಟುಕೊಂಡವರು ಚಾಪೆಯವರು. ಅವಳು ಓಲೆಯ ಅಂಚಿನಲ್ಲಿ ಗೀಚಿ, ಎತ್ತಿದ ದನಿಯಲ್ಲಿ ಓದಿದಳು: "ಚಾಪೆಯವಳಾದರೆ, ಚಾಪೆ ಕಟ್ಟು."

ಹೊಸಬಳ ಕೈ ಎದ್ದಿತು. ಬೆನ್ನಿನಿಂದ ಹೊರೆಯನ್ನು ಇಳಿಸಿತು. ಆ ಕಟ್ಟೆಯ ಮೇಲೆಯೇ, ಕೂಗಿನವಳ ಕಾಲ ಬುಡದಲ್ಲಿ, ಅವಳನ್ನು ಕೂರಿಸಿ ಚಾಪೆ ಹೆಣೆಯತೊಡಗಿತು.

"ಇದಲ್ಲ ಅಕ್ಕ," ಎಂದಳು ಹೊಸಬಳು. ಅವಳ ಕಣ್ಣು ಏರಿಯ ಮೇಲಿತ್ತು. ಕೈ ಹುಲ್ಲಿನ ಮೇಲಿತ್ತು. "ಇದಲ್ಲ. ನಿಲ್ಸು."

ಕೈ ನಿಲ್ಲಲಿಲ್ಲ. ಎಷ್ಟು ಚೆನ್ನಾಗಿ ಹೆಣೆಯುತ್ತಿತ್ತೆಂದರೆ, ಒಂದೆಳೆ ಮೇಲೆ ಒಂದೆಳೆ ಕೆಳಗೆ, ಅಂಚು ನೇರ, ನಡುವೆ ಹೂವಿನಂಥ ಮಡಿಕೆ. ಕೆಳಗೆ ನಿಂತವರಲ್ಲಿ ಯಾರೋ ಚಾಪೆ ಬಹಳ ಲಕ್ಷಣವಾಗಿದೆ ಎಂದರು. ಹೊಸಬಳು ಅಳುತ್ತ ಹೆಣೆಯುತ್ತಿದ್ದಳು. ಕಣ್ಣೊರೆಸಿಕೊಳ್ಳಲು ಕೈ ಬಿಡುವಾಗಿರಲಿಲ್ಲ.

ಕೂಗಿನವಳು ಗಡಿಬಿಡಿಯಲ್ಲಿ ಹಿಂದಿನ ಓಲೆಗಳನ್ನು ತಿರುವಿದಳು. ಮೇಸ್ತ್ರಿಯನ್ನು ಏರಿಗೆ ಕಳಿಸಿದಳು; ಅವನ ಕೈ ಹುಣಸೆಮರದಿಂದ ಹತ್ತು ಮಾರು ಆಚೆ ಒಳ್ಳೆಯ ಕಲ್ಲಿನ ಗೋಡೆಗೆ ಪಾಯ ತೋಡತೊಡಗಿತು. ತೂಬಿನವನನ್ನು ಕಳಿಸಿದಳು, ನೀರು ಕಟ್ಟು ಎಂಬ ಸಾಲಿಗೆ ಅವನು ತೂಬನ್ನು ಮುಚ್ಚಿದ, ನೀರಿಗೆ ಹೊರದಾರಿಯಿಲ್ಲದೆ ಕೆರೆ ಇನ್ನೂ ಬಿಗಿಯಿತು. ಇನ್ನು ಯಾರನ್ನು ಎಂದು ಅವಳು ಓಲೆಯಲ್ಲಿ ಬೆರಳಿಟ್ಟು ಹುಡುಕುತ್ತಿದ್ದಾಗ ದೊಡ್ಡ ಬಟ್ಟೆ ಹರಿದಂಥ ಸದ್ದಾಯಿತು.

ಆಗ ಅವಳು ಆ ಮಾತು ಕೂಗಿದಳು. ನೀರಿನ ಸದ್ದಿನಲ್ಲಿ ಅದು ಊರಿಗೆ ಕೇಳಿಸಲಿಲ್ಲ. ಕಾಲ ಬುಡದಲ್ಲಿದ್ದವಳಿಗೆ ಮಾತ್ರ ಕೇಳಿಸಿತು. ಹೆಣೆಯುತ್ತಿದ್ದ ಕೈ ಚಾಪೆಯನ್ನು ಬಿಟ್ಟಿತು. ಹೊಸಬಳು ಮೆಟ್ಟಿಲಿಳಿಯಲಿಲ್ಲ, ಹಾರಿದಳು. ಏರಿ ಆಗಲೇ ಒಂದು ಮನೆಯ ಅಗಲ ಬಾಯಿಬಿಟ್ಟಿತ್ತು. ಅದಕ್ಕೆ ಯಾರ ಕೈಯೂ ಸಾಲದು. ಅವಳ ಕೈ ಒಡೆದಲ್ಲಿಗೆ ಹೋಗಲಿಲ್ಲ. ನೀರು ಎರಡನೆಯ ಬೀದಿಗೆ ತಿರುಗುವ ಓಣಿಯ ಬಾಯಿಗೆ ಹೋಯಿತು. ಅಲ್ಲಿದ್ದ ಮುರಿದ ಗಾಡಿಯನ್ನು ಅಡ್ಡ ಕೆಡವಿತು, ಬಾಗಿಲು ಕಿತ್ತು ಒಡ್ಡಿತು, ಯಾರದೋ ಮನೆಯ ಭತ್ತದ ಮೂಟೆಗಳನ್ನು ಪೇರಿಸಿತು, ಸಂದಿಗಳಿಗೆ ಜೇಡಿಮಣ್ಣು ತುಂಬಿತು. ನೀರು ಅಲ್ಲಿ ನಿಂತು, ಹಿಂದೆ ಸರಿದು, ಹಳ್ಳದ ದಾರಿ ಹಿಡಿಯಿತು. ಊರು ಉಳಿಯಿತು. ಕೆಳಗಿನ ಬೀದಿ ಉಳಿಯಲಿಲ್ಲ. ಹನ್ನೊಂದು ಮನೆ ಹೋದವು. ಮನೆಯಲ್ಲೇ ಮಲಗಿದ್ದ ಮೂಳೆಯಜ್ಜ ಹೋದ. ಅವನನ್ನು ಹೊತ್ತು ತರಲು ಹೋದ ಹಾಡುಗಾರನೂ ಹೋದ. ಹಾಡುಗಾರನಿಗೆ ಅಜ್ಜನನ್ನು ತಬ್ಬಿ ಎತ್ತಲು ಕೈ ಇರಲಿಲ್ಲ. ಅವನದು ತೊಂಬತ್ತನೆಯ ಸಾಲು. ಅಲ್ಲಿಯವರೆಗೆ ಓದು ಬಂದೇ ಇರಲಿಲ್ಲ.

ಮರುದಿನ ಹೊತ್ತು ಮೂಡುವ ಮುಂಚೆ ಜನ ಬಂದು ಕಟ್ಟೆಯ ಸುತ್ತ ನಿಂತರು. ಕೈ ಜೋತುಬಿದ್ದಿತ್ತು. ಕೂಗಿನವಳು ಬರಲಿಲ್ಲ.

ಅವಳು ತನ್ನ ಮನೆಯಲ್ಲಿ ಕಣಜದ ಹಿಂದೆ ಕೂತಿದ್ದಳು. ಯಾರಾದರೂ ಬಂದು ಬೈಯುತ್ತಾರೆಂದು ಕಾದಿದ್ದಳು. ಕಲ್ಲು ಎಸೆದರೂ ಆಗುತ್ತಿತ್ತು. ಹಿಂದಿನ ದಿನ ಅವಳು ಮನೆಗೆ ನಡೆದುಬಂದಾಗ ಹೂವಾಡಗಿತ್ತಿ ಅವಳಿಗೆ ದಾರಿ ಬಿಟ್ಟು ಪಕ್ಕಕ್ಕೆ ಸರಿದಿದ್ದಳು, ಅಷ್ಟೆ. ಆ ಸರಿದದ್ದು ಅವಳ ಎದೆಯಲ್ಲಿ ಕೂತಿತ್ತು.

ಕೂಗಿನಜ್ಜಿ ಗೋಡೆ ಹಿಡಿದುಕೊಂಡು, ನಿಂತು ನಿಂತು, ಅವಳ ಮನೆಗೆ ಬಂದಳು. ಹೊಸಿಲ ಮೇಲೆ ಕೂತಳು.

"ಹೊತ್ತು ಮೂಡ್ತು ತಾಯಿ."

"ನೀನೇ ಕೂಗು ಅಜ್ಜಿ."

"ಹನ್ನೆರಡು ಮೆಟ್ಟಿಲು ನನ್ನ ಕೈಲಾಗಲ್ಲ."

"ಬೇರೆ ಯಾರಾದ್ರೂ ಕೂಗ್ಲಿ. ನಂಗೆ ಅವರಿಗೆ ಮುಖ ತೋರ್ಸೋಕೆ ಆಗ್ತಿಲ್ಲ."

"ನಿನ್ನ ಮುಖ ನೋಡೋಕೆ ಯಾರು ಬಂದಿದಾರೆ? ಅಲ್ಲಿ ಎರಡು ಹೆಣ ಹಂಗೇ ಮಲಗಿವೆ. ಚಟ್ಟದೋನ ಕೈ ಏಳ್ಬೇಕು."

ಕೂಗಿನವಳು ಕಣಜದ ಹಿಂದಿನಿಂದ ಬಂದು ಅಜ್ಜಿಯ ಎದುರು ಕೂತಳು. ಆಮೇಲೆ ಕೇಳಿದಳು, "ಅಜ್ಜಿ, ನಾನು ಆ ಮಾತನ್ನ ನುಂಗಿಕೊಂಡೆ. ಬಾಯಿಗೆ ಬಂದಿತ್ತು. ಅವರು ನಗ್ತಾರೆ ಅಂತ ನುಂಗಿಕೊಂಡೆ. ಇದನ್ನ ಅವರಿಗೆ ಹೇಳ್ಲಾ?"

ಅಜ್ಜಿ ಅವಳನ್ನು ನೋಡಿದಳು. "ಹೇಳು. ಮೊದ್ಲು ಕೂಗು, ಆಮೇಲೆ ಹೇಳು. ಮೊದ್ಲು ಹೇಳಿದ್ರೆ ಅದೂ ನಿನ್ನ ವಿಷಯಾನೇ ಆಗುತ್ತೆ."

ಅವಳು ಎದ್ದಳು. ಓಲೆಗಳನ್ನು ಮುಟ್ಟಲಿಲ್ಲ. ಬೀದಿಯಲ್ಲಿ ಜನ ಎರಡು ಪಕ್ಕಕ್ಕೆ ಸರಿದು ದಾರಿ ಬಿಟ್ಟರು, ಪ್ರತಿಯೊಬ್ಬರೂ ಸರಿದಾಗ ಅವಳ ತಲೆ ಇನ್ನಷ್ಟು ತಗ್ಗಿತು. ಹನ್ನೆರಡು ಮೆಟ್ಟಿಲು ಹತ್ತಿದಳು. ಮೇಲೆ ಅರ್ಧ ಹೆಣೆದ ಚಾಪೆ ಹಾಗೆಯೇ ಬಿದ್ದಿತ್ತು. ಅದನ್ನು ದಾಟಲು ಅವಳಿಗೆ ಆಗಲಿಲ್ಲ. ಬದಿಯಿಂದ ಸುತ್ತಿ ಹೋದಳು. ಜಾಗಟೆ ಮೂರು ಸಲ ಬಾರಿಸಿದಳು. ಕೆರೆಯ ಕಡೆ ಮುಖ ಮಾಡಿದಳು. ಅಲ್ಲಿ ಕೆರೆ ಇರಲಿಲ್ಲ, ಕೆಸರಿತ್ತು.

"ಕಟ್ಟು," ಎಂದು ಕೂಗಿದಳು.

ಚಟ್ಟದವನ ಕೈ ಎದ್ದು ಬಿದಿರಿನ ಕಡೆ ಹೋಯಿತು. ಹೂವಾಡಗಿತ್ತಿಯ ಕೈ ಎದ್ದು ಸೇವಂತಿಗೆಯ ಕಡೆ ಹೋಯಿತು. ಮೇಸ್ತ್ರಿ ಕಲ್ಲಿಗೆ ಹೋದ, ಮಗಳು ಬಿದಿರುತಟ್ಟಿಗೆ. ಇವರನ್ನೆಲ್ಲ ಅವಳು ಬಲ್ಲಳು. ಆದರೆ ಇವರ ನಡುವೆ ಅವಳು ಎಂದೂ ಕಾಣದ ಕೈಗಳು ಏಳುತ್ತಿದ್ದವು. ಒಬ್ಬ ಹೆಂಗಸು ಹಾಡುಗಾರನ ಹೆಂಡತಿಯ ಬಿಚ್ಚಿದ ತಲೆಗೂದಲನ್ನು ಹಿಂದಕ್ಕೆ ತೆಗೆದು ಕಟ್ಟಿದಳು. ಒಬ್ಬ ಮುದುಕ ದಿಕ್ಕೆಟ್ಟು ನಿಂತ ದನಗಳನ್ನು ಒಂದೊಂದಾಗಿ ಹಿಡಿದು ಕಟ್ಟಿದ. ಯಾರೋ ಮನೆ ಕಳಕೊಂಡವರಿಗೆ ಬುತ್ತಿ ಕಟ್ಟಿದರು. ಮೂಳೆಯಜ್ಜ ಸತ್ತನಲ್ಲ, ಇನ್ನು ಕೈಮುರಿದವರಿಗೆ ಗತಿಯಿಲ್ಲವೆಂದು ಅವಳು ಅಂದುಕೊಂಡಿದ್ದಳು. ಅವನ ತಂಗಿ, ಯಾವ ಸಾಲಿನಲ್ಲೂ ಇಲ್ಲದವಳು, ಕುಂಟುತ್ತಿದ್ದ ಒಬ್ಬನನ್ನು ಕೂರಿಸಿಕೊಂಡು ಪಟ್ಟಿ ಕಟ್ಟುತ್ತಿದ್ದಳು. ಇವರೆಲ್ಲ ಇಷ್ಟು ತಿಂಗಳು ಎಲ್ಲಿದ್ದರು? ಇಲ್ಲೇ ಇದ್ದರು. ಕೊನೆಯ ಸಾಲು ಕೇಳಿ ಸುಮ್ಮನಿದ್ದರು. ತಾನು ಸುಮ್ಮನಿರಿಸಿದ ಕೈ ಒಂದೇ ಎಂದು ಅವಳು ರಾತ್ರಿಯೆಲ್ಲ ಎಣಿಸಿದ್ದಳು. ಎಷ್ಟು ಕೈಗಳೆಂದು ಈಗ ಎಣಿಸಲೂ ಆಗಲಿಲ್ಲ.

ಮೆಟ್ಟಿಲಿಳಿದು ಬಂದು ಅವರ ನಡುವೆ ನಿಂತು ಅವಳು ಹೇಳಿದಳು. ಮಾತು ಬಾಯಿಗೆ ಬಂದದ್ದು, ನುಂಗಿದ್ದು, ಯಾಕೆ ನುಂಗಿದ್ದು. ಜೋರಾಗಿ ಹೇಳಲು ಹೊರಟಿದ್ದಳು. ಬಂದದ್ದು ಪಿಸುದನಿ. ಹತ್ತಿರದವರಿಗೆ ಕೇಳಿಸಿತು, ಅವರು ದೂರದವರಿಗೆ ಹೇಳಿದರು. ಕೇಳುತ್ತ ಯಾರೂ ಕೆಲಸ ನಿಲ್ಲಿಸಲಿಲ್ಲ. ಹೂವಾಡಗಿತ್ತಿ ಮಾಲೆಯಿಂದ ಕಣ್ಣೆತ್ತದೆ, "ಅವತ್ತು ನಾನೂ ನಕ್ಕಿದ್ದೆ," ಎಂದಳು. ಹಾಡುಗಾರನ ಹೆಂಡತಿ ಮುಖ ತಿರುಗಿಸಿಕೊಂಡಳು. ಆಮೇಲೆಯೂ, ಬದುಕಿರುವವರೆಗೂ, ಅವಳು ಕೂಗಿನವಳೊಡನೆ ಮಾತಾಡಲಿಲ್ಲ. ಬೆಳಿಗ್ಗೆ ಕರೆ ಕೇಳಿ ಕೆಲಸಕ್ಕೆ ಮಾತ್ರ ಏಳುತ್ತಿದ್ದಳು.

ಹೆಣಗಳನ್ನು ಒಯ್ದ ಮೇಲೆ, ಮಧ್ಯಾಹ್ನದ ಹೊತ್ತಿಗೆ, ಕೂಗಿನವಳು ಏರಿಯ ಕಡೆ ನಡೆದಳು. ಹೊಸಬಳು ಒಡೆದ ಬಾಯಿಯ ಒಂದು ಅಂಚಿನಲ್ಲಿ ಸೊಂಟದವರೆಗೆ ಕೆಸರಿನಲ್ಲಿ ನಿಂತಿದ್ದಳು. ಗೂಟಕ್ಕೆ ಗೂಟ ಸೇರಿಸಿ ಹಗ್ಗ ಬಿಗಿಯುತ್ತಿದ್ದಳು. ಕೂಗಿನವಳು ದಡದಲ್ಲಿ ನಿಂತಳು. ಕ್ಷಮೆ ಕೇಳಲು ಒಂದಷ್ಟು ಮಾತು ಜೋಡಿಸಿಕೊಂಡು ಬಂದಿದ್ದಳು. ಹಗ್ಗ ಬಿಗಿಯುವ ಕೈಯನ್ನು ನೋಡುತ್ತ ಅದನ್ನು ಬದಿಗಿಟ್ಟಳು. ತನ್ನ ಕೈ ಏನು ಕಟ್ಟಬಲ್ಲದೆಂದು ಅವಳಿಗೆ ತಿಳಿಯದು; ತನ್ನ ಕರೆಯನ್ನು ತಾನೇ ಕೇಳಿ ಎದ್ದದ್ದು ಆ ಕೈಗೆ ನೆನಪಿರಲಿಲ್ಲ.

ಹೊಸಬಳು ತಲೆಯೆತ್ತಿ ನೋಡಿದಳು. ಯಾರು, ಯಾಕೆ ಬಂದೆ, ಏನು ಗೊತ್ತು ನಿನಗೆ, ಈ ಕೆಲಸ ಮಾಡಿದ್ದೀಯ, ಹೀಗೆ ಕೇಳಬಹುದಾದದ್ದು ಬೇಕಾದಷ್ಟಿತ್ತು. ಕೂಗಿನವಳು ಅದಕ್ಕೇ ಕಾದು ನಿಂತಿದ್ದಳು.

ಹೊಸಬಳು ಹಗ್ಗದ ತುದಿಯನ್ನು ಅವಳ ಕಡೆ ಎಸೆದಳು.

"ಹಿಡಿ," ಎಂದಳು.

ಕೂಗಿನವಳು ಕೆಸರಿಗಿಳಿದು ಹಿಡಿದುಕೊಂಡಳು. ಸಂಜೆಯವರೆಗೂ ಹಿಡಿದಿದ್ದಳು. ಒಂದು ಸಲವೂ ಮುಖವೆತ್ತಲಿಲ್ಲ.